ಕಾದುವುದೋ, ಕಾಲ್ದೆಗೆಯುವುದೋ?

ಆಟಗಳಲ್ಲಿ ಎರಡು ಬಗೆಯುಂಟು. ಸಂಜೆ ದೀಪ ಹಚ್ಚುವುದರೊಳಗಾಗಿ ಗೆದ್ದವರಾರು ಸೋತವರಾರು ಎಂಬುದು ತೀರ್ಮಾನವಾಗಿ, ಕಾಯಿಗಳನ್ನು ಡಬ್ಬಿಗೆ ತುಂಬಿ ಎದ್ದುಹೋಗತಕ್ಕವು ಒಂದು ಬಗೆ. ಚೌಕಾಬಾರ, ಪಗಡೆ, ಚದುರಂಗ, ಹುಲಿ-ಕುರಿ ಮೊದಲಾದುವೆಲ್ಲ ಈ ಪಂಗಡಕ್ಕೆ ಸೇರಿದುವು. ಇನ್ನೊಂದು ಬಗೆಯ ಆಟಕ್ಕೆ ಸಂಜೆಯೆಂಬುದಿಲ್ಲ. ಅದು ವಾರದಿಂದ ವಾರಕ್ಕೆ, ತಿಂಗಳಿಂದ ತಿಂಗಳಿಗೆ ಬೆಳೆಯುತ್ತಹೋಗುವ ಒಂದು ಕಥೆ. ಆಡುವವರೇ ಆ ಕಥೆಯ ಪಾತ್ರಗಳು. ಈ ಎರಡನೆಯ ಬಗೆಯ ಆಟವು ಈಚೆಗೆ ನಮ್ಮ ಮನೆಗಳ ಒಳಕ್ಕೂ ಕಾಲಿಟ್ಟಿರುವುದರಿಂದ, ಅದರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಚರ್ಚೆಗೆ ಬರುವ ಒಂದು ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿದೆ.

ಆಟದ ಕ್ರಮವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತುಕೊಳ್ಳುತ್ತಾರೆ. ಒಬ್ಬನು ಖಡ್ಗಧಾರಿ, ಒಬ್ಬಳು ಮಂತ್ರವಾದಿನಿ, ಇನ್ನೊಬ್ಬನು ಬೀಗ ತೆಗೆಯುವುದರಲ್ಲಿ ಚತುರ, ಹೀಗೆ ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸುವರು. ಒಬ್ಬನು ಮಾತ್ರ ಯಾವ ವೀರನ ಪಾತ್ರವನ್ನೂ ವಹಿಸದೆ ಸೂತ್ರಧಾರನಾಗಿ ನಿಂತು, ‘ನೀವು ಗುಹೆಯ ಬಾಯಿಗೆ ಬಂದಿದ್ದೀರಿ, ಒಳಗಿನಿಂದ ಏನೋ ಉಸಿರಾಡುವ ಸದ್ದು ಕೇಳುತ್ತಿದೆ, ಏನು ಮಾಡುವಿರಿ?’ ಎಂದು ಕೇಳುವನು. ಆಡುವವರು ಬಾಯಿಮಾತಿನಲ್ಲಿ ಉತ್ತರ ಹೇಳುವರು. ಫಲವು ಸಂದೇಹವಾಗಿರುವೆಡೆಯಲ್ಲಿ ದಾಳ ಹಾಕಿ ನೋಡುವರು. ಕರಾವಳಿಯ ತಾಳಮದ್ದಳೆಯನ್ನು ಕೇಳಿದವರಿಗೆ ಇದು ಅಷ್ಟೇನೂ ಹೊಸದೆನಿಸಲಾರದು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಯೇ ಪಾತ್ರವಾಗಿ ಆಗಿಂದಾಗ ಮಾತು ಹೂಡುವುದು. ಭೇದವೇನೆಂದರೆ, ತಾಳಮದ್ದಳೆಯಲ್ಲಿ ಕರ್ಣನು ಸಾಯತಕ್ಕವನೆಂಬುದು ಎಲ್ಲರಿಗೂ ಮೊದಲೇ ತಿಳಿದಿರುವುದು. ಇಲ್ಲಿ ಯಾರು ಸಾಯುವರೆಂಬುದು ಸೂತ್ರಧಾರನಿಗೂ ತಿಳಿಯದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ಈ ಆಟದ ನಿಯಮಗಳನ್ನು ಅಚ್ಚುಹಾಕಿಸಿದರು. ಅದಕ್ಕೆ ಮುಂಚೆ ಅವರಾಡುತ್ತಿದ್ದುದು ಪುಟ್ಟ ಗೊಂಬೆ ಸೈನ್ಯಗಳ ಯುದ್ಧದಾಟ.

ಪಾತ್ರವು ಸತ್ತರೆ ಸತ್ತಂತೆಯೇ. ಆರು ತಿಂಗಳು ಹೆಸರಿಟ್ಟು ಸಾಕಿಕೊಂಡು ಬಂದ ವೀರನು ಒಂದು ಕೆಟ್ಟ ದಾಳದಿಂದ ಇಲ್ಲವಾಗಬಹುದು. ಆದಕಾರಣ ಶತ್ರು ಎದುರಾದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ನಿಂತು ಕಾದುವುದೋ, ಕಾಲ್ದೆಗೆಯುವುದೋ? ಹೊಸಬರು ಇದನ್ನು ಪ್ರಶ್ನೆಯೆಂದೇ ಎಣಿಸುವುದಿಲ್ಲ. ಕಂಡದ್ದರ ಮೇಲೆಲ್ಲ ಬೀಳುತ್ತಾರೆ.

ಕಳೆದ ದೀಪಾವಳಿಯ ರಜೆಯಲ್ಲಿ ಚನ್ನಪಟ್ಟಣಕ್ಕೆ ಸಮೀಪದ ಒಂದು ಮನೆಯಲ್ಲಿ ಈ ಆಟವನ್ನು ನೋಡುವ ಅವಕಾಶ ನಮಗೊದಗಿತು. ಬೆಂಗಳೂರಿನಲ್ಲಿ ಓದುತ್ತಿದ್ದ ಹುಡುಗನೊಬ್ಬ ತನ್ನ ಚಿಕ್ಕಮ್ಮನ ಮನೆಗೆ ಬಂದವನು ಸೂತ್ರಧಾರನಾಗಿದ್ದ. ಆ ಮನೆಯ ಹತ್ತು ವರ್ಷದ ಹುಡುಗ, ಅವನ ತಂಗಿ, ಪಕ್ಕದ ಮನೆಯ ಗೆಳೆಯ, ಇವರ ಜೊತೆಗೆ ನಾಲ್ಕನೆಯವರು ಬೇಕೆಂದು ಮಕ್ಕಳು ಸೆರಗು ಹಿಡಿದು ಎಳೆದುದರಿಂದ ಚಿಕ್ಕಮ್ಮ, ಹೀಗೆ ನಾಲ್ವರು ಆಟಗಾರರು. ದಾಳಗಳು ಬೆಂಗಳೂರಿನವು, ಕಾಯಿಗಳು ಮಾತ್ರ ಊರಿನವೇ, ಹಾಲೆಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟ ಪುಟ್ಟ ಗೊಂಬೆಗಳು. ಕಥೆ ಸಾವನದುರ್ಗದ ತಪ್ಪಲಿನಲ್ಲಿ ನಡೆಯುತ್ತಿತ್ತು. ಗುಹೆಯೊಳಗೆ ಕರಡಿಯ ರೂಪದ ಒಬ್ಬ ದೈತ್ಯ.

ಆಟದ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ತಿಂಗಳ ಜಮಾಖರ್ಚು ಬರೆಯುವ ಗೃಹಿಣಿಯರಿಗೆ ಇದು ಕಷ್ಟವಾಗದು. ಪ್ರತಿಯೊಬ್ಬ ವೀರನಿಗೂ 10 ಜೀವಾಂಕ, ದೈತ್ಯನಿಗೆ 40. ಏಟು ತಪ್ಪುವುದನ್ನೂ ತಗಲುವುದನ್ನೂ ಸರಾಸರಿ ಹಿಡಿದರೆ ಒಬ್ಬೊಬ್ಬ ವೀರನೂ ಸುತ್ತಿಗೆ 2 ಅಂಕ ಕಳೆಯುವನು. ದೈತ್ಯನು ಸುತ್ತಿಗೆ 5 ಕಳೆಯುವನು. ಹುಡುಗ ಬೆರಳೆಣಿಸಿ, ‘ನಾಲ್ಕು ಜನ ಅಂದರೆ ಸುತ್ತಿಗೆ 8, ಐದೇ ಸುತ್ತಿನಲ್ಲಿ ಸತ್ತ’ ಎಂದುಬಿಟ್ಟ. ತಾಯಿ ಪೆನ್ಸಿಲ್ ತೆಗೆದುಕೊಂಡರು. ಎರಡು ಸುತ್ತು ಮುಗಿಯುವಷ್ಟರಲ್ಲಿ ದೈತ್ಯನಿಗೆ 16 ಹೋಗುವುದು ನಿಜ. ಆದರೆ ಅಷ್ಟರಲ್ಲಿ ನಮ್ಮವನೊಬ್ಬ ಬಿದ್ದಿರುತ್ತಾನೆ. ಮೂರನೆಯ ಸುತ್ತಿನಿಂದ ಏಟು 8 ಅಲ್ಲ, 6. ನಾಲ್ಕು ಮುಗಿದಾಗ ಒಟ್ಟು 28, ಇನ್ನೊಬ್ಬ ಬಿದ್ದ. ಅಲ್ಲಿಂದಾಚೆಗೆ ಸುತ್ತಿಗೆ 4; ಆರು ಮುಗಿದಾಗ 36, ಮೂರನೆಯವನೂ ಬಿದ್ದ. ಉಳಿದವನೊಬ್ಬ ಏಳನೆಯ ಸುತ್ತಿನಲ್ಲಿ 2, ಎಂಟನೆಯದರಲ್ಲಿ 2 ಕಳೆದು, ಅರ್ಧ ಪ್ರಾಣದಲ್ಲಿ ನಿಂತು ಗೆಲ್ಲುತ್ತಾನೆ. ದೈತ್ಯನಿಗೆ 40ಕ್ಕೆ ಬದಲು 42 ಇದ್ದಿದ್ದರೆ ಒಬ್ಬನೂ ಉಳಿಯುತ್ತಿರಲಿಲ್ಲ. ಬಿದ್ದವನು ತನ್ನ ಪ್ರಾಣವನ್ನು ಮಾತ್ರವಲ್ಲ, ಮುಂದೆ ತಾನು ಹೊಡೆಯಬೇಕಾಗಿದ್ದ ಏಟುಗಳನ್ನೂ ಜೊತೆಗೆ ಕೊಂಡೊಯ್ಯುತ್ತಾನೆ. ಆದುದರಿಂದಲೇ ಸೋಲು ಇಳಿಜಾರಿನ ಕಲ್ಲಿನಂತೆ ವೇಗ ಕೂಡಿಸಿಕೊಳ್ಳುತ್ತಹೋಗುತ್ತದೆ. ಇದನ್ನು ಹೊಸಬರು ಎಣಿಸುವುದಿಲ್ಲ.

ಎರಡನೆಯ ಸುತ್ತಿಗೆ ಪಕ್ಕದ ಮನೆಯ ಗೆಳೆಯನ ವೀರನು ಬಿದ್ದ. ತಂಗಿ, ‘ಅಣ್ಣಾ, ಸಾಕು ಬಾರೋ, ಹಿಂದಿನ ಕಿಂಡಿ ಇನ್ನೂ ತೆರೆದಿದೆ’ ಎಂದಳು. ಹುಡುಗನ ಮೋರೆ ಕೆಂಪಾಯಿತು. ‘ನಾನೇನು ಹೇಡಿಯೇನೇ?’ ಎಂದ. ತಾಯಿಯೂ ಮಗಳೂ ಬಿದ್ದವನನ್ನು ಎತ್ತಿಕೊಂಡು ಕಿಂಡಿಯಿಂದ ಹೊರಕ್ಕೆ ನುಸುಳಿದರು. ಹುಡುಗನು ನಿಂತ. ಇನ್ನೆರಡು ಸುತ್ತಿನಲ್ಲಿ ಅವನ ಖಡ್ಗಧಾರಿ ಮುಗಿದ. ಬೇಸಗೆಯ ರಜೆಯಿಂದ ಸಾಕಿಕೊಂಡು ಬಂದ ಪಾತ್ರವದು. ಹುಡುಗನು ಆ ಕೆಂಪು ಗೊಂಬೆಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಯ ಕಡೆಗೆ ತಿರುಗಿ ಕುಳಿತ. ಸೂತ್ರಧಾರನು, ‘ಚಿಕ್ಕಮ್ಮ, ಬೇಕಾದರೆ ಬದುಕಿಸಿಬಿಡಲೇ?’ ಎಂದು ಮೆಲ್ಲನೆ ಕೇಳಿದ. ತಾಯಿ ತಲೆಯಲ್ಲಾಡಿಸಿದರು.

ಆ ಹೊತ್ತಿಗೆ ಮನೆಯ ಯಜಮಾನರು ಕಂಬಳಿಯನ್ನೂ ಟಾರ್ಚನ್ನೂ ತೆಗೆದುಕೊಂಡು ಹೊರಟಿದ್ದರು. ರಾಗಿಯ ತೆನೆ ಬಲಿಯುವ ಕಾಲ. ಆ ಕಡೆಯ ಹೊಲಗಳಿಗೆ ಕಾವೇರಿ ವನ್ಯಧಾಮದ ಕಡೆಯಿಂದಲೂ ಬನ್ನೇರುಘಟ್ಟದ ಕಾಡಿನಿಂದಲೂ ಆನೆಗಳು ಬರುವುದುಂಟು. ಕನಕಪುರ, ಚನ್ನಪಟ್ಟಣದ ರೈತರು ಎಷ್ಟೋ ಮಂದಿ ಈ ತಿಂಗಳುಗಳಲ್ಲಿ ರಾತ್ರಿ ಹೊಲದಲ್ಲಿಯೇ ಕಳೆಯುತ್ತಾರೆ; ಪ್ರಾಣ ಕಳೆದುಕೊಂಡವರೂ ಇದ್ದಾರೆ. ಮಗನು ಅಳುತ್ತಿರುವುದೇಕೆಂದು ಕೇಳಿ ತಿಳಿದು, ಅವರು ನಗಲಿಲ್ಲ. ‘ಮಗಾ, ಆನೆ ಎದುರಿಗೆ ಬಂದು ನಿಂತಮೇಲೆ ಓಡಲೋ ಬೇಡವೋ ಅಂತ ಯೋಚನೆ ಮಾಡೋನು ಉಳಿಯೋದಿಲ್ಲ ಕಣೋ. ನಾನು ಅಟ್ಟಣೆ ಹತ್ತೋಕೆ ಮುಂಚೇನೇ ಇಳಿಯೋ ದಾರಿ ನೋಡ್ಕೊಂಡಿರ್ತೀನಿ. ಪಟಾಕಿಗೆ ಹೆದರಿ ಹೋದರೆ ಸರಿ. ಹೋಗದೆ ಕಿವಿ ಅಗಲಿಸ್ತು ಅಂದ್ರೆ ರಾಗಿ ಅದರದ್ದೇ’ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ನಡೆದರು. ಮೂರು ತಿಂಗಳ ದುಡಿಮೆಯನ್ನು ‘ಅದರದ್ದೇ’ ಎಂದುಬಿಡುವುದು ಎಷ್ಟು ಕಷ್ಟವೆಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದಿತು.

ಓಡಿದರೆ ಆನೆಯಿಂದ ತಪ್ಪಿಸಿಕೊಳ್ಳಬಹುದೆಂಬುದೂ ಭ್ರಮೆಯೇ. ಸಾಮಾನ್ಯ ಮನುಷ್ಯನಿಗಿಂತ ಅದು ಬೇಗ ಓಡಬಲ್ಲದು. ಕರಡಿಯೂ ಹಾಗೆಯೇ. ರಾಮನಗರದ ಬೆಟ್ಟಗಳಲ್ಲಿಯೂ ಸಾವನದುರ್ಗದ ಕಾಡಿನಲ್ಲಿಯೂ ಇರುವ ನಮ್ಮ ಕರಡಿಯ ಸ್ವಭಾವವನ್ನು ಕುರಿತು ಪ್ರಾಣಿಶಾಸ್ತ್ರಜ್ಞರು ಹೇಳುವ ಒಂದು ಊಹೆ ಬಹಳ ಸ್ವಾರಸ್ಯವಾಗಿದೆ. ಅದರ ಆಹಾರ ಗೆದ್ದಲು, ಇರುವೆ, ಹಣ್ಣು. ಯಾರನ್ನೂ ಬೇಟೆಯಾಡುವುದು ಅದರ ಕಸುಬಲ್ಲ. ಆದರೂ ಹಠಾತ್ತಾಗಿ ಎದುರಾದವರ ಮೇಲೆ ಅದು ಎರಗುವುದು ಏಕೆ? ಹುಲಿಯಿರುವ ನಾಡಿನಲ್ಲಿ ಬೆಳೆದ ಪ್ರಾಣಿ ಅದು. ಹುಲಿಗೆ ಬೆನ್ನು ತೋರಿಸಿ ಓಡಿ ಉಳಿದ ಕರಡಿಗಳು ಕಡಮೆ, ತಿರುಗಿ ನಿಂತು ಅಬ್ಬರಿಸಿದುವೇ ಉಳಿದುವು. ಹಾಗೆ ತಿರುಗಿ ಬೀಳುವ ಗುಣವೇ ಕುಲದಲ್ಲಿ ಉಳಿದುಬಂದಿತು ಎಂದು ಅವರ ಮತ. ಹೇಡಿತನವೂ ಶೌರ್ಯವೂ ಇಲ್ಲಿ ಮಾತಿಗೇ ಬಾರದು. ಓಡುವ ದಾರಿಯಿಲ್ಲದವನು ಕಾದುತ್ತಾನೆ, ಅಷ್ಟೆ. ಆಟದಲ್ಲಿ ಶತ್ರುವಿನ ಬೆನ್ನ ಹಿಂದಿನ ಕಿಂಡಿಯನ್ನೂ ಮುಚ್ಚಿ ಹೊಡೆಯಹೋಗುವ ಜಾಣರು ಇದನ್ನು ನೆನೆಯತಕ್ಕದ್ದು.

ಸಾವನದುರ್ಗದ ಹೆಸರೆತ್ತಿದಮೇಲೆ ಅದರ ಕಥೆಯನ್ನು ಹೇಳದಿರಲು ನಮಗೆ ಮನಸ್ಸು ಬಾರದು. ಮಾಗಡಿಯ ಬಳಿಯ ಈ ಒಂಟಿ ಬಂಡೆಗೆ ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಶಿಖರಗಳು. ಸುತ್ತಲೂ ಬಿದಿರುಮೆಳೆಯ ಕಾಡು. ಟಿಪ್ಪು ಸುಲ್ತಾನನ ಕಾಲದಲ್ಲಿ ಈ ದುರ್ಗವನ್ನು ಯಾರೂ ಹತ್ತಲಾರರೆಂದೇ ಪ್ರತೀತಿಯಿದ್ದಿತು. 1791ರ ಡಿಸೆಂಬರ್ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಆಜ್ಞೆಯಂತೆ ಕರ್ನಲ್ ಸ್ಟೂಅರ್ಟನು ಮುತ್ತಿಗೆ ಹಾಕಿದನು. ಫಿರಂಗಿಗಳಿಂದ ಗೋಡೆ ಒಡೆದು, 21ನೆಯ ತಾರೀಖು ಲಗ್ಗೆಯಿಟ್ಟರು. ಒಡಕಿನಲ್ಲಿ ಶತ್ರುವನ್ನು ಕಂಡೊಡನೆ ಕೋಟೆಯ ಪಡೆ ದಿಗಿಲುಬಿದ್ದು ಇನ್ನೊಂದು ಶಿಖರದ ಕಡೆಗೆ ಓಡಿತು. ಆ ಶಿಖರಕ್ಕೆ ಪ್ರತ್ಯೇಕವಾದ ಕೋಟೆಯಿದ್ದಿತು. ಮೊದಲೇ ಕ್ರಮವಾಗಿ ಅಲ್ಲಿಗೆ ಸರಿದು ಬಾಗಿಲಿಕ್ಕಿಕೊಂಡಿದ್ದರೆ ಇನ್ನೂ ಎಷ್ಟೋ ದಿನ ನಿಲ್ಲಬಹುದಾಗಿತ್ತು. ಆದರೆ ಓಡುವವರೂ ಅಟ್ಟುವವರೂ ಒಬ್ಬರಲ್ಲೊಬ್ಬರು ಬೆರೆತುಹೋದುದರಿಂದ, ತಮ್ಮವರಿಗೆಂದು ತೆರೆದ ಬಾಗಿಲೊಳಗೆ ಹಗೆಗಳೂ ನುಗ್ಗಿದರು. ಕಿಲ್ಲೇದಾರನು ಹತನಾದನು, ಬಂಡೆಯಿಂದ ಜಾರಿಬಿದ್ದು ಸತ್ತವರು ಅನೇಕರು. ಲಗ್ಗೆಯಿಟ್ಟವರಲ್ಲಿ ಒಬ್ಬನೂ ಸಾಯಲಿಲ್ಲವೆನ್ನುತ್ತಾರೆ. ಈ ಸುದ್ದಿ ಹರಡಿದಮೇಲೆ ರಾಮಗಿರಿ, ಶಿವನಗಿರಿಗಳ ದುರ್ಗಗಳು ಕೆಲವೇ ದಿನಗಳಲ್ಲಿ ಶರಣಾದುವು.

ಹಿಂದೆಗೆದುದು ಅಲ್ಲಿಯ ತಪ್ಪಲ್ಲ. ಹಿಂದೆಗೆದ ಗಳಿಗೆ ತಪ್ಪು. ಅದೇ ಕಾರ್ನ್‌ವಾಲಿಸನು ಅದೇ ವರ್ಷದ ಮೇ ತಿಂಗಳಲ್ಲಿ ಏನು ಮಾಡಿದ್ದನೆಂಬುದನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅರಕೆರೆಯ ಬಳಿಯ ಕಾಳಗದಲ್ಲಿ ಗೆದ್ದು ಶ್ರೀರಂಗಪಟ್ಟಣದ ಗೋಡೆಗಳನ್ನು ಕಣ್ಣಾರೆ ಕಂಡವನು, ದವಸ ಮುಗಿದು ಎತ್ತುಗಳು ಸಾಯತೊಡಗಿದುದನ್ನು ನೋಡಿ, ಅಷ್ಟು ದೂರ ಎಳೆದುತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಯಿಸಿ ಬೆಂಗಳೂರಿಗೆ ಹಿಂದಿರುಗಿದನು. ಗೆದ್ದ ಕಾಳಗದ ಮರುವಾರ ಹಿಂದೆಗೆಯುವುದು ದಂಡನಾಯಕನ ಅಭಿಮಾನಕ್ಕೆ ಎಷ್ಟು ಕಹಿಯಾಗಿದ್ದಿರಬೇಕು! ಮಳೆಗಾಲ ಕಳೆದಮೇಲೆ ಹಾದಿಯ ದುರ್ಗಗಳನ್ನು ಒಂದೊಂದಾಗಿ ಹಿಡಿದು, ದವಸದ ದಾರಿಯನ್ನು ಭದ್ರಪಡಿಸಿಕೊಂಡು, 1792ರ ಫೆಬ್ರವರಿಯಲ್ಲಿ ಮತ್ತೆ ಬಂದನು. ಹಗೆಯಾದವನಿಂದಲೂ ಕಲಿಯಬಹುದಾದ ವಿದ್ಯೆಯಿದು. ಇನ್ನೂ ಹಿಂದಿನದು ಬೇಕೆಂದರೆ ನಮ್ಮ ಕೆಂಪೇಗೌಡರ ಮನೆತನವಿದೆ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನಿಗೆ ಬೆಂಗಳೂರನ್ನು ಬಿಟ್ಟುಕೊಟ್ಟು ಆ ಮನೆತನದ ಕೆಂಪೇಗೌಡರು ಮಾಗಡಿಗೆ ಸರಿದರು. ಆ ಮನೆತನ ಅಲ್ಲಿ 1728ರ ವರೆಗೆ, ಎಂದರೆ ತೊಂಬತ್ತು ವರ್ಷ, ಆಳಿತು. ಬೆಂಗಳೂರಿನ ಮಣ್ಣಿನ ಗೋಡೆಯ ಮೇಲೆಯೇ ಎಲ್ಲರೂ ಪ್ರಾಣಬಿಟ್ಟಿದ್ದರೆ ಮಾಗಡಿಯ ಆ ತೊಂಬತ್ತು ವರ್ಷಗಳು ಎಲ್ಲಿರುತ್ತಿದ್ದುವು?

ಮೇಜಿನಾಟದ ಹಳೆಯ ನಿಯಮಗಳನ್ನು ಮಾಡಿದವರಿಗೆ ಈ ವಿವೇಕ ಇದ್ದಂತೆ ತೋರುತ್ತದೆ. ಅವರ ಪುಸ್ತಕಗಳಲ್ಲಿ ಅನುಭವಾಂಕ ಬರುತ್ತಿದ್ದುದು ಮುಖ್ಯವಾಗಿ ನಿಧಿಯಿಂದ. ಹೊತ್ತು ತಂದ ಒಂದೊಂದು ಹೊನ್ನಿನ ನಾಣ್ಯಕ್ಕೂ ಒಂದೊಂದು ಅಂಕ. ಶತ್ರುವನ್ನು ಕೊಂದರೆ ದೊರೆಯುವುದು ಅಲ್ಪ. ಆದುದರಿಂದ ಮಲಗಿರುವ ರಾಕ್ಷಸನನ್ನು ಎಬ್ಬಿಸದೆ ಪೆಟ್ಟಿಗೆಯನ್ನು ಎತ್ತಿಕೊಂಡು ಬರುವವನೇ ಜಾಣ. 1981ರ ಮೂಲ ನಿಯಮಗಳಲ್ಲಿ ಇನ್ನೂ ಒಂದು ಸೊಗಸಿತ್ತು: ಶತ್ರುವಿಗೂ ಪ್ರಾಣಭಯವಿದೆಯೆಂದು ಒಪ್ಪಿ, ಪ್ರತಿಯೊಂದು ಪ್ರಾಣಿಗೂ 2ರಿಂದ 12ರ ವರೆಗೆ ಒಂದು ಧೈರ್ಯಾಂಕವನ್ನು ಕೊಟ್ಟಿದ್ದರು. ಅವರ ಕಡೆಯ ಮೊದಲನೆಯವನು ಸತ್ತಾಗ ಒಮ್ಮೆ, ಅರ್ಧ ಮಂದಿ ಬಿದ್ದಾಗ ಇನ್ನೊಮ್ಮೆ, ಸೂತ್ರಧಾರನು ಎರಡು ದಾಳ ಹಾಕುವನು. ಮೊತ್ತವು ಧೈರ್ಯಾಂಕವನ್ನು ಮೀರಿದರೆ ಅವರು ಓಡುವರು ಅಥವಾ ಶರಣಾಗುವರು. ಧೈರ್ಯಾಂಕ 7 ಇರುವ ಕುಳ್ಳ ಪಿಶಾಚಿಗಳು 36ಕ್ಕೆ 15 ಸಲ ಹೀಗೆ ಕದಲುತ್ತವೆ. ವೀರರು ಓಡುವುದಾದರೂ ಅದಕ್ಕೊಂದು ಉಪಾಯವಿತ್ತು. ಬುದ್ಧಿಯಿಲ್ಲದ ಮೃಗವು ಅಟ್ಟಿ ಬಂದರೆ ಬುತ್ತಿಯನ್ನು ಎಸೆಯುವುದು, ಬುದ್ಧಿಯುಳ್ಳದ್ದು ಬಂದರೆ ಹೊನ್ನನ್ನು ಚೆಲ್ಲುವುದು. ಸಲಕ್ಕರ್ಧ ಅವು ಅಲ್ಲಿಯೇ ನಿಂತುಬಿಡುತ್ತಿದ್ದುವು. ‘ರಾಗಿ ಅದರದ್ದೇ’ ಎಂದ ಆ ರೈತನ ನೆನಪು ನಮಗೆ ಇಲ್ಲಿ ಬಾರದಿರುವುದಿಲ್ಲ.

ಈಚಿನ ನಿಯಮಗಳು ಬೇರೆ. ಕೊಂದುದಕ್ಕೇ ಅನುಭವಾಂಕ ಹೆಚ್ಚು. ಹಗೆಯ ಕೈಯಳತೆಯಿಂದ ಸುಮ್ಮನೆ ಸರಿದರೆ ಬೆನ್ನಿಗೆ ಒಂದು ಏಟು ಬೀಳುತ್ತದೆ. ಏಟು ತಪ್ಪಿಸಿ ಸರಿಯಬೇಕಾದರೆ ಆ ಸರದಿಯಲ್ಲಿ ಹೊಡೆಯುವಂತಿಲ್ಲ. ನಡಿಗೆಯ ವೇಗವೂ ಬಹುಮಟ್ಟಿಗೆ ಎಲ್ಲರಿಗೂ ಸಮ. ಹೀಗಾಗಿ ಒಬ್ಬನು ಓಡಿ ಮೂವರು ನಿಂತರೆ ಮೂವರಿಗೆ ಕೇಡು, ಮೂವರು ಓಡಿ ಒಬ್ಬನು ನಿಂತರೆ ಆ ಒಬ್ಬನಿಗೆ. ಹಿಂದೆಗೆಯುವುದು ಒಬ್ಬೊಬ್ಬನ ಇಚ್ಛೆಯಾಗಿರದೆ ಎಲ್ಲರೂ ಸೇರಿ ಮಾಡತಕ್ಕ ಕಾರ್ಯವಾಗಿದೆ. ಬಲ್ಲ ಆಟಗಾರರು ಇದಕ್ಕಾಗಿ ಒಂದು ಸಂಕೇತವನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ: ನಮ್ಮಲ್ಲಿ ಮೊದಲನೆಯವನು ಬಿದ್ದೊಡನೆ, ಮಾತಿಲ್ಲ ಚರ್ಚೆಯಿಲ್ಲ, ಅವನನ್ನು ಹೊತ್ತುಕೊಂಡು ಎಲ್ಲರೂ ಹೊರಕ್ಕೆ. ಮೇಲೆ ಹೇಳಿದ ಲೆಕ್ಕವನ್ನು ನೋಡಿದರೆ ಆ ಸಂಕೇತ ಎಷ್ಟು ಸರಿಯಾದುದೆಂದು ತಿಳಿದೀತು. ಇದೇ ಜಾತಿಯ ಇನ್ನೊಂದು ಆಟ, 1981ರ ‘ಕಾಲ್ ಆಫ್ ಕ್ತುಲ್ಹು’ ಎಂಬುದು, ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರಲ್ಲಿ ದೊಡ್ಡ ಭೂತಗಳೊಡನೆ ಕಾದಿ ಗೆಲ್ಲುವುದು ಹೆಚ್ಚುಕಡಮೆ ಆಗದ ಮಾತು. ಓಡಬಲ್ಲವನೇ ಮುಂದಿನ ವಾರ ಆಡುವವನು.

ಇಷ್ಟೆಲ್ಲ ದೂರದ ಮಾತೇಕೆ, ನಮ್ಮ ಅಜ್ಜಿಯರ ಚೌಕಾಬಾರದಲ್ಲಿಯೂ ಇದೇ ವಿದ್ಯೆ ಇಲ್ಲವೇ? ನಾಲ್ಕು ಕವಡೆಗಳು ಎರಡು ಮಗ್ಗುಲಿಗೂ ಸಮವಾಗಿ ಬೀಳುವುವೆಂದು ಭಾವಿಸಿದರೆ, 16 ಸಲಕ್ಕೆ ಎರಡು ಬೀಳುವುದು 6 ಸಲ, ಒಂದು 4 ಸಲ, ಮೂರು 4 ಸಲ, ಚೌಕವೂ ಬಾರವೂ ಒಂದೊಂದು ಸಲ. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಂತವನಿಗೇ ಅಪಾಯ ಹೆಚ್ಚು. ಐದು ಮನೆ ಮುಂದೆ ನಿಂತವನನ್ನು ಹೊಡೆಯಬೇಕಾದರೆ ಚೌಕ ಬಿದ್ದು, ಮತ್ತೆ ಒಂದು ಬೀಳಬೇಕು, ಅದು 64ಕ್ಕೆ ಒಂದು ಸಲ. ಕಟ್ಟೆಯ ಮನೆ ಸಿಕ್ಕಿದರೆ ಭಯವೇ ಇಲ್ಲ. ಆದರೆ ಕಟ್ಟೆಯಿಂದ ಕಟ್ಟೆಗೆ ಓಡುತ್ತಲೇ ಇದ್ದರೂ ಕೆಲಸ ನಡೆಯದು. ಒಬ್ಬನನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ನಮ್ಮ ಕಡೆಯ ಕಟ್ಟಳೆ. ಹುಲಿ-ಕುರಿಯಲ್ಲಿಯಾದರೋ ಕುರಿಗೆ ಕಾದಲೂ ಬಾರದು, ಓಡಿ ಉಳಿಯಲೂ ಆಗದು. ಬೆನ್ನ ಹಿಂದಿನ ಮನೆ ಬರಿದಾಗಿದ್ದರೆ ಹುಲಿ ಹಾರಿ ನುಂಗುತ್ತದೆ. ಅಲ್ಲಿ ಇನ್ನೊಂದು ಕುರಿ ನಿಂತಿದ್ದರೆ ಹುಲಿಗೆ ಹಾರಲು ಎಡೆಯಿಲ್ಲ. ಹದಿನೈದು ಕುರಿಗಳು ಹೀಗೆ ಒಂದಕ್ಕೊಂದು ಬೆನ್ನುಕೊಟ್ಟು ಮೂರು ಹುಲಿಗಳನ್ನು ಅಲುಗದಂತೆ ಕಟ್ಟಿಹಾಕುವುದನ್ನು ದೇವಸ್ಥಾನದ ಕಲ್ಲುಚಪ್ಪಡಿಗಳ ಮೇಲೆ ನಾವೆಲ್ಲ ನೋಡಿದ್ದೇವೆ.

ಸೂತ್ರಧಾರನಾಗತಕ್ಕವರಿಗೆ ಎರಡು ಸೂಚನೆ. ದಾರಿ ಇದೆಯೆಂದು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು. ಕಿಂಡಿ, ಮೆಟ್ಟಲು, ಹೊಳೆಯ ದಾಟು, ಯಾವುದಾದರೂ ಒಂದು ಕಣ್ಣಿಗೆ ಕಾಣುವಂತಿರಬೇಕು. ಸೂತ್ರಧಾರನ ಮನಸ್ಸಿನಲ್ಲಿ ಮಾತ್ರ ಇರುವ ಬಾಗಿಲು ಬಾಗಿಲಲ್ಲ. ಶತ್ರುವಿನ ಬಲವನ್ನು ಕುರಿತ ಗುರುತುಗಳನ್ನೂ ಮುಂಚೆಯೇ ಕೊಡಬೇಕು: ಮುರಿದ ಗುರಾಣಿ, ಎರಡಾಳುದ್ದದ ಉಗುರಿನ ಗೀರು, ಹಿಂದೆ ಬಂದವರ ಮೂಳೆ. ಎರಡನೆಯದಾಗಿ, ಶತ್ರುಗಳೇ ಆಗಾಗ್ಗೆ ಓಡಿಹೋಗಲಿ. ಓಡಿದ ಕಳ್ಳನೊಬ್ಬ ಮೂರು ವಾರದ ತರುವಾಯ ತನ್ನಣ್ಣನನ್ನು ಕರೆದುಕೊಂಡು ಬಂದರೆ ಕಥೆಗೆ ಎಷ್ಟು ರಂಗು! ಇದನ್ನು ಕಂಡ ಮಕ್ಕಳು ತಾವೂ ಹಾಗೆ ಮಾಡಬಹುದೆಂದು ತಾವಾಗಿಯೇ ಅರಿತುಕೊಳ್ಳುತ್ತಾರೆ. ಕೆಟ್ಟ ದಾಳ ಬಿದ್ದಾಗ ಕರುಣೆಯಿಂದ ಬದುಕಿಸಿಬಿಡುವುದನ್ನು ನಾವು ಒಪ್ಪುವುದಿಲ್ಲ. ಆ ತಾಯಿ ತಲೆಯಲ್ಲಾಡಿಸಿದುದು ಸರಿಯೆಂದೇ ನಮ್ಮ ಅಭಿಪ್ರಾಯ. ಅಲ್ಲವೆನ್ನುವ ವಾಚಕರೂ ಇರಬಹುದು.

ಆಡಬೇಕೆಂಬವರು ಬಹಳ ಹಣ ಸುರಿಯಬೇಕಾದುದಿಲ್ಲ. ನಿಯಮಗಳ ಒಂದು ಭಾಗವನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದೆಂದು ಪ್ರಕಾಶಕರು 2023ರಲ್ಲಿ ಅನುಮತಿ ಕೊಟ್ಟಿದ್ದಾರೆ. ಇಪ್ಪತ್ತು ಮುಖದ ದಾಳ ಸಿಕ್ಕದಿದ್ದರೆ 1ರಿಂದ 20ರ ವರೆಗೆ ಚೀಟಿ ಬರೆದು ಲೋಟದಲ್ಲಿ ಹಾಕಿ ಎತ್ತಬಹುದು. ಧೈರ್ಯಾಂಕಕ್ಕೆ ಸಾಮಾನ್ಯವಾದ ಆರು ಮುಖದ ಎರಡು ದಾಳ ಸಾಕು. ಗೊಂಬೆಗಳನ್ನಂತೂ ಬೆಂಗಳೂರು-ಮೈಸೂರು ಹಳೆಯ ರಸ್ತೆಯಲ್ಲಿ ಹೋಗುವವರು ಚನ್ನಪಟ್ಟಣದಲ್ಲಿ ಇಳಿದು ಕೊಳ್ಳಬಹುದು. ವೀರರಿಗೆ ಕೆಂಪು ಹಳದಿ, ದೈತ್ಯನಿಗೆ ಕಪ್ಪು. ಬಾಗಿಲಿಗೆಂದು ಬಣ್ಣ ಹಾಕದ ಒಂದು ತುಂಡು ಮರವನ್ನೂ ಕೇಳಿ ತನ್ನಿರಿ.